ಒಂದು ಹಲ್ಲಿನ ಬೆಲೆ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿನಲ್ಲಿ ಭೂಮಿಯೊಳಗಿನ ಐಶ್ವರ್ಯವೆಂದೊಡನೆ ಎಲ್ಲರಿಗೂ ನೆನಪಾಗುವುದು ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನ. ಅದು ಸಹಜವೇ ಸರಿ. ಕಲ್ಲನ್ನು ಒಡೆದು, ಪುಡಿಮಾಡಿ, ಅದರಿಂದ ಬೇರ್ಪಡಿಸಿದ ಚಿನ್ನದ ಬೆಲೆಯನ್ನು ತಕ್ಕಡಿಯು ನಿರ್ಣಯಿಸುತ್ತದೆ. ಆ ಚಿನ್ನವು ಗಣಿಯ ಯಾವ ಆಳದಿಂದ ಬಂತು, ಅದರ ಪಕ್ಕದಲ್ಲಿ ಯಾವ ಕಲ್ಲಿತ್ತು ಎಂದು ಅಕ್ಕಸಾಲಿಗನು ಕೇಳುವುದಿಲ್ಲ. ಕೇಳಬೇಕಾದ ಕಾರಣವೂ ಇಲ್ಲ. ಆದರೆ ಭೂಮಿಯೊಳಗೆ ಇನ್ನೊಂದು ಬಗೆಯ ಐಶ್ವರ್ಯವುಂಟು. ಅದು ಎಲ್ಲಿತ್ತು, ಯಾವ ಪದರದಲ್ಲಿತ್ತು, ಯಾವುದರ ಜೊತೆಯಲ್ಲಿತ್ತು ಎಂಬುದರಲ್ಲಿಯೇ ಅದರ ಬೆಲೆಯ ಬಹುಭಾಗವು ಅಡಗಿರುತ್ತದೆ. ಆ ಸಂಗತಿ ತಿಳಿಯದೆ ಹೋದರೆ ಅದು ಅಲಮಾರಿನಲ್ಲಿಡುವ ಒಂದು ವಿಚಿತ್ರ ಕಲ್ಲಷ್ಟೆ. ಪಳೆಯುಳಿಕೆಯೆಂಬುದು ಅಂಥ ವಸ್ತು. ಕಂಡೊಡನೆ ಕಿತ್ತು ಮನೆಗೆ ಒಯ್ಯುವ ಅಭ್ಯಾಸವು ಚಿನ್ನಕ್ಕೆ ಒಪ್ಪಬಹುದು. ಪಳೆಯುಳಿಕೆಗೆ ಅದು ಮೃತ್ಯುವಿಗೆ ಸಮಾನ. ಈ ಮಾತನ್ನು ನಮ್ಮ ವಿದ್ಯಾರ್ಥಿಗಳಿಗೆ ಮನಗಾಣಿಸಲು ಒಂದು ಪ್ರಾಣಿಯ ಒಂದು ಹಲ್ಲಿನ ಕಥೆ ಸಾಕೆಂದು ನಮ್ಮ ಭಾವನೆ.

ನಮ್ಮ ಹಳ್ಳಿಗಳ ಬಾಳು ಗೊರಸುಳ್ಳ ಪ್ರಾಣಿಗಳ ಬಾಳಿನೊಡನೆ ಹೆಣೆದುಕೊಂಡು ಬಂದಿದೆ. ಎತ್ತು, ಎಮ್ಮೆ, ಕುರಿ, ಮೇಕೆ, ಕುದುರೆ, ಕತ್ತೆ ಇವೆಲ್ಲವೂ ಗೊರಸಿನ ಸಸ್ತನಿಗಳು. ಗೊರಸೆಂದರೆ ಬೆರಳ ತುದಿಯನ್ನು ಸುತ್ತುವರಿದು ದಪ್ಪನಾಗಿ ಬೆಳೆದ ಉಗುರೇ ಹೊರತು ಬೇರೆಯಲ್ಲ. ಈ ಪ್ರಾಣಿಗಳು ಅಂಗಾಲನ್ನು ಊರದೆ ಬೆರಳ ತುದಿಯ ಮೇಲೆ ನಡೆಯುತ್ತವೆ. ಕುದುರೆಯು ಪ್ರತಿಯೊಂದು ಕಾಲಿನಲ್ಲಿಯೂ ಒಂದೇ ಬೆರಳಿನ ಮೇಲೆ ನಿಲ್ಲುತ್ತದೆ. ಎತ್ತು ಎರಡು ಬೆರಳುಗಳ ಮೇಲೆ. ಖಡ್ಗಮೃಗವು ಮೂರರ ಮೇಲೆ. ಕುದುರೆ, ಖಡ್ಗಮೃಗಗಳನ್ನು ವಿಷಮಖುರಿಗಳೆಂದೂ, ಎತ್ತು, ಕುರಿ, ಜಿಂಕೆಗಳನ್ನು ಸಮಖುರಿಗಳೆಂದೂ ಶಾಸ್ತ್ರಜ್ಞರು ವಿಂಗಡಿಸಿದ್ದಾರೆ. ಇಷ್ಟೊಂದು ವೈವಿಧ್ಯವುಳ್ಳ ಈ ಬಳಗದ ಆದಿಪುರುಷರು ಯಾರು? ಅವರು ಎಂದು, ಎಲ್ಲಿ ಬಾಳಿದರು? ಇದು ಪ್ರಾಣಿಶಾಸ್ತ್ರದ ದೊಡ್ಡ ಪ್ರಶ್ನೆಗಳಲ್ಲಿ ಒಂದು.

ಈ ಪ್ರಶ್ನೆಗೆ ಸಂಬಂಧಿಸಿದ ಒಂದು ಸಣ್ಣ ಸಾಕ್ಷ್ಯವು ನಮ್ಮ ದಖನ್ನಿನ ಕಪ್ಪುಕಲ್ಲಿನ ನಡುವಿನಿಂದ ಹೊರಬಂದಿತು. ಮಧ್ಯಪ್ರದೇಶದ ಡಿಂಡೋರಿ ಜಿಲ್ಲೆಯಲ್ಲಿ ಕಿಸಲಪುರಿ ಎಂಬ ಊರಿದೆ. ಅಲ್ಲಿನ ಪದರಗಳಲ್ಲಿ ದೊರೆತ, ಕೆಲವೇ ಮಿಲಿಮೀಟರ್ ಅಳತೆಯ ಒಂದು ಕೆಳದವಡೆಯ ಹಲ್ಲನ್ನು ಜಿ. ವಿ. ಆರ್. ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಅವರ ಸಂಗಡಿಗರು ೨೦೦೭ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರ್ಣಿಸಿದರು. ಆ ಹಲ್ಲು ಗೊರಸುಪ್ರಾಣಿಗಳ ಅತಿ ಪ್ರಾಚೀನ ಬಂಧುವೊಂದರದು ಎಂಬುದು ಅವರ ನಿರ್ಣಯ. ಲ್ಯಾಟಿನ್ ಭಾಷೆಯಲ್ಲಿ ‘ಉಂಗುಲ’ ಎಂದರೆ ಗೊರಸು. ಸಮೀಪದಲ್ಲಿ ಹರಿಯುವ ಖಾರ್ಮೇರ್ ಎಂಬ ಹೊಳೆಯ ಹೆಸರನ್ನು ಅದಕ್ಕೆ ಸೇರಿಸಿ, ಅಮೆರಿಕದ ಜೀವವಿಜ್ಞಾನಿ ಲೀ ವ್ಯಾನ್ ವೇಲನ್ ಅವರ ಸ್ಮರಣೆಯನ್ನೂ ಕೂಡಿಸಿ, ಆ ಪ್ರಾಣಿಗೆ ‘ಖಾರ್ಮೇರುಂಗುಲೇಟಮ್ ವ್ಯಾನ್‌ವೇಲನಿ’ ಎಂದು ನಾಮಕರಣ ಮಾಡಿದರು. ಒಂದು ಹೊಸ ಕುಲ, ಒಂದು ಹೊಸ ಪ್ರಭೇದ. ಆಧಾರವಾದರೋ ಒಂದೇ ಒಂದು ಹಲ್ಲು.

ಆ ಹಲ್ಲು ಅಲ್ಲಿಗೆ ಸೇರಿದ ಬಗೆಯನ್ನು ತಿಳಿಯಬೇಕಾದರೆ ದಖನ್ ಪ್ರಸ್ಥಭೂಮಿಯ ಕಟ್ಟಡವನ್ನು ಸ್ವಲ್ಪ ಅರಿಯಬೇಕು. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಇಲ್ಲಿನ ನೆಲವು ಬಿರಿದು, ಅಲೆ ಅಲೆಯಾಗಿ ಲಾವಾರಸವು ಹೊರಹೊಮ್ಮಿತು. ಅದು ಹೆಪ್ಪುಗಟ್ಟಿ ಬಸಾಲ್ಟ್ ಎಂಬ ಕಪ್ಪುಶಿಲೆಯಾಯಿತು. ಒಂದರ ಮೇಲೊಂದು ಕುಳಿತ ಈ ಹಾಸುಗಳು ದೂರದಿಂದ ಮೆಟ್ಟಿಲುಗಳಂತೆ ಕಾಣುವುದರಿಂದ, ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಮಾತಿನಿಂದ ಬಂದ ‘ಟ್ರಾಪ್’ ಎಂಬ ಹೆಸರು ಇವಕ್ಕೆ ಸಲ್ಲುತ್ತದೆ. ಲಾವಾ ಸದಾ ಹರಿಯುತ್ತಿರಲಿಲ್ಲ. ಒಂದು ಹಾಸು ತಣ್ಣಗಾಗಿ ಮುಂದಿನ ಹಾಸು ಬರುವ ನಡುವೆ ದೀರ್ಘ ವಿರಾಮಗಳಿದ್ದುವು. ಆ ವಿರಾಮಗಳಲ್ಲಿ ಮಳೆ ಸುರಿಯಿತು, ತಗ್ಗುಗಳಲ್ಲಿ ಕೆರೆಗಳಾದುವು, ಗಿಡಮರಗಳು ಬೆಳೆದುವು, ಮೀನು ಕಪ್ಪೆ ಆಮೆಗಳು ಬಾಳಿದುವು, ಅವುಗಳ ನಡುವೆ ಇಲಿಯಷ್ಟು ಸಣ್ಣ ಸಸ್ತನಿಗಳೂ ಓಡಾಡಿದುವು. ಅವು ಸತ್ತಾಗ ಅವುಗಳ ಎಲುಬು ಹಲ್ಲುಗಳು ಕೆರೆಯ ಕೆಸರಿನಲ್ಲಿ ಹೂತುಹೋದುವು. ಮುಂದಿನ ಲಾವಾ ಬಂದು ಆ ಕೆಸರಿಗೆ ಕಲ್ಲಿನ ಮುಚ್ಚಳವನ್ನು ಹಾಕಿತು. ಟ್ರಾಪ್ ಹಾಸುಗಳ ನಡುವೆ ಹೀಗೆ ಸಿಕ್ಕಿಬಿದ್ದ ತೆಳ್ಳನೆಯ ಪದರಗಳನ್ನು ನಾವು ಇಲ್ಲಿ ಅಂತರಸ್ತರಗಳೆಂದು ಕರೆಯೋಣ.

ಇಷ್ಟು ಸಣ್ಣ ಹಲ್ಲನ್ನು ಹುಡುಕುವ ವಿಧಾನವೂ ತಿಳಿಯತಕ್ಕದ್ದೇ. ಗುದ್ದಲಿ ಹಿಡಿದು ಅಗೆದರೆ ಅದು ಕಣ್ಣಿಗೆ ಬೀಳದು. ಅಂತರಸ್ತರದ ಜೇಡಿಯನ್ನು ಚೀಲಗಟ್ಟಲೆ ತಂದು ಚೆನ್ನಾಗಿ ಒಣಗಿಸಿ, ಸೀಮೆಎಣ್ಣೆಯಲ್ಲಿಯೂ ಅನಂತರ ನೀರಿನಲ್ಲಿಯೂ ನೆನೆಸುತ್ತಾರೆ. ಜೇಡಿಯು ಬಿಟ್ಟುಕೊಂಡು ರಾಡಿಯಾಗುತ್ತದೆ. ಅದನ್ನು ಸಣ್ಣ ಕಣ್ಣಿನ ಜರಡಿಗಳಲ್ಲಿ ತೊಳೆದು, ಉಳಿದ ಚರಟವನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಕಾಳುಕಾಳಾಗಿ ಆರಿಸುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆ ಉಳ್ಳವರಿಗೆ ಮಾತ್ರ ಈ ಕೆಲಸ ಒಗ್ಗುತ್ತದೆ. ಹೀಗೆ ಜರಡಿ ಹಿಡಿದದ್ದರಿಂದಲೇ ನಮ್ಮ ನೆರೆಯ ತೆಲಂಗಾಣದ ವಿಕಾರಾಬಾದ್ ಸಮೀಪದ ನಸ್ಕಲ್ ಎಂಬಲ್ಲಿ, ಭಾರತದ ಕ್ರಿಟೇಷಸ್ ಯುಗದ ಮೊದಲ ಸಸ್ತನಿಯ ಹಲ್ಲುಗಳು ದೊರೆತುವು. ‘ದಖನೋಲೆಸ್ಟಿಸ್’ ಎಂಬ ಹೆಸರಿನಿಂದ ಪ್ರಸಾದ್ ಮತ್ತು ಸಾಹ್ನಿಯವರು ಅದನ್ನು ೧೯೮೮ರಲ್ಲಿ ಲೋಕಕ್ಕೆ ಪರಿಚಯಿಸಿದರು.

ಒಂದು ಹಲ್ಲಿನಿಂದ ಇಡೀ ಪ್ರಾಣಿಯ ವಂಶವನ್ನು ಹೇಳಬಹುದೆ ಎಂದು ವಾಚಕರು ಸಂಶಯಪಡಬಹುದು. ಸಂಶಯವು ಯೋಗ್ಯವಾದದ್ದೇ. ಹಲ್ಲಿನ ಮೇಲಣ ಎನಾಮಲ್ ಎಂಬ ಪದರವು ದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದ ಭಾಗ. ಆದುದರಿಂದ ಎಲುಬು ಕರಗಿಹೋದರೂ ಹಲ್ಲು ಉಳಿಯುತ್ತದೆ. ಅಲ್ಲದೆ ಸಸ್ತನಿಗಳ ದವಡೆ ಹಲ್ಲುಗಳ ಮೇಲಿರುವ ಉಬ್ಬುತಗ್ಗುಗಳ ವಿನ್ಯಾಸವು ಒಂದೊಂದು ಗುಂಪಿನಲ್ಲಿ ಒಂದೊಂದು ರೀತಿಯಾಗಿರುತ್ತದೆ. ಹುಳುಹುಪ್ಪಟೆಗಳನ್ನು ತಿನ್ನುವ ಪ್ರಾಣಿಯ ಹಲ್ಲಿನಲ್ಲಿ ಎತ್ತರವಾದ ಮೊನಚು ಶಿಖರಗಳಿದ್ದು ಅವು ಕತ್ತರಿಯಂತೆ ಕೆಲಸಮಾಡುತ್ತವೆ. ಸಸ್ಯಾಹಾರದ ಕಡೆಗೆ ತಿರುಗಿದ ಪ್ರಾಣಿಯಲ್ಲಿ ಆ ಶಿಖರಗಳು ತಗ್ಗಿ, ಉಬ್ಬಿ, ಮೊಂಡಾಗುತ್ತವೆ. ಹಲ್ಲು ಅಗಲವಾಗಿ ಬೀಸುಕಲ್ಲಿನ ಗುಣವನ್ನು ತಾಳುತ್ತದೆ. ಕಿಸಲಪುರಿಯ ಹಲ್ಲಿನಲ್ಲಿ ಈ ಎರಡನೆಯ ಬಗೆಯ ಲಕ್ಷಣಗಳು ಕಂಡುಬಂದುದರಿಂದ ಅದನ್ನು ಆದಿ ಗೊರಸುಪ್ರಾಣಿಗಳ ಸಾಲಿನಲ್ಲಿ ಇರಿಸಿದರು.

ಆದರೆ ಹಲ್ಲಿನ ಆಕಾರವು ಅರ್ಧ ಕಥೆಯನ್ನು ಮಾತ್ರ ಹೇಳುತ್ತದೆ. ಉಳಿದರ್ಧವನ್ನು ಹೇಳುವುದು ಅದು ದೊರೆತ ಪದರ. ಈ ಪದರದ ವಿಚಾರದಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ ಅಮೆರಿಕದ ಮೊಂಟಾನಾ ಸಂಸ್ಥಾನದ ನಿದರ್ಶನವಿದೆ. ೧೯೬೫ರಲ್ಲಿ ಸ್ಲೋನ್ ಮತ್ತು ವ್ಯಾನ್ ವೇಲನ್ ಎಂಬ ವಿದ್ವಾಂಸರು ಅಲ್ಲಿನ ಬಗ್ ಕ್ರೀಕ್ ಎಂಬ ಸ್ಥಳದಿಂದ ‘ಪ್ರೋಟುಂಗುಲೇಟಮ್’ ಎಂಬ ಆದಿ ಗೊರಸುಪ್ರಾಣಿಯ ಕುಲವನ್ನು ವರ್ಣಿಸಿದರು. ಅದರ ಹಲ್ಲುಗಳ ಜೊತೆಯಲ್ಲಿಯೇ ಡೈನೋಸಾರುಗಳ ಹಲ್ಲುಗಳೂ ಸಿಕ್ಕಿದ್ದರಿಂದ ಇವೆರಡೂ ಸಮಕಾಲೀನವೆಂದು ಭಾವಿಸಲಾಯಿತು. ಮುಂದೆ ವಿಚಾರಿಸಿ ನೋಡುವಾಗ, ಪ್ರಾಚೀನ ನದಿಯೊಂದು ತನಗಿಂತ ಹಳೆಯ ಪದರಗಳನ್ನು ಕೊರೆದು, ಅಲ್ಲಿನ ಡೈನೋಸಾರಿನ ಹಲ್ಲುಗಳನ್ನು ಎತ್ತಿ ತಂದು ತನ್ನ ಮರಳಿನಲ್ಲಿ ಹೊಸ ಹಲ್ಲುಗಳ ಜೊತೆಗೆ ಬೆರಸಿತ್ತೆಂದು ಕಂಡುಬಂದಿತು. ಒಂದೇ ಮರಳಿನಲ್ಲಿ ಬಿದ್ದವೆಲ್ಲ ಒಂದೇ ಕಾಲದವಲ್ಲ! ಹೀಗೆ ಹುಟ್ಟಿದ ಸಂದೇಹವು ದಶಕಗಳ ಕಾಲ ಉಳಿಯಿತು. ೨೦೧೧ರಲ್ಲಿ ಆರ್ಚಿಬಾಲ್ಡ್ ಮತ್ತು ಸಂಗಡಿಗರು ನಿಸ್ಸಂಶಯವಾಗಿ ಡೈನೋಸಾರುಗಳ ಕಾಲದ್ದೆನ್ನಬಹುದಾದ ಪದರದಿಂದ ಅದೇ ಕುಲದ ಇನ್ನೊಂದು ಪ್ರಭೇದವನ್ನು ವರದಿಮಾಡಿದ ಮೇಲೆ ಆ ಕುಲದ ಪ್ರಾಚೀನತೆ ಸ್ಥಿರಪಟ್ಟಿತು. ಹಲ್ಲುಗಳಲ್ಲಿ ಯಾವ ದೋಷವೂ ಇರಲಿಲ್ಲ. ಚರ್ಚೆ ನಡೆದದ್ದೆಲ್ಲ ಅವು ಮಲಗಿದ್ದ ಹಾಸಿಗೆಯ ಬಗ್ಗೆ.

ಕಿಸಲಪುರಿಯ ಹಲ್ಲಿನ ವಿಚಾರದಲ್ಲಿಯೂ ನಾವು ಇದೇ ಎಚ್ಚರವನ್ನು ವಹಿಸಬೇಕು. ಭಾರತವೇ ಗೊರಸುಪ್ರಾಣಿಗಳ ತವರೆಂದು ಹೆಮ್ಮೆಯಿಂದ ಸಾರುವ ಚಪಲವು ನಮ್ಮಲ್ಲಿ ಹುಟ್ಟುವುದು ಸಹಜ. ಅದಕ್ಕೆ ನಾವು ಒಪ್ಪಲಾರೆವು. ಅಂದಿನ ಭಾರತವು ಮಡಗಾಸ್ಕರದಿಂದ ಬೇರ್ಪಟ್ಟು, ಏಷ್ಯಾವನ್ನು ಇನ್ನೂ ಸೇರದೆ, ಸಾಗರದಲ್ಲಿ ಉತ್ತರಾಭಿಮುಖವಾಗಿ ಸಾಗುತ್ತಿದ್ದ ಭೂಖಂಡ. ಅದರ ಮೇಲೆ ಇಂಥ ಪ್ರಾಣಿ ಇದ್ದಿತೆಂದರೆ ಅದು ಇಲ್ಲಿಯೇ ಉದಿಸಿತೆ, ಬೇರೆ ಖಂಡದಿಂದ ಯಾವುದೋ ಮಾರ್ಗವಾಗಿ ಬಂದಿತೆ ಎಂಬ ಪ್ರಶ್ನೆಗಳು ಏಳುತ್ತವೆ. ಹಾಗೆಯೇ, ಸಸ್ಯಾಹಾರಕ್ಕೆ ತಿರುಗಿದ ಬೇರೆ ಬೇರೆ ವಂಶಗಳಲ್ಲಿ ಒಂದನ್ನೊಂದು ಹೋಲುವ ಹಲ್ಲುಗಳು ಸ್ವತಂತ್ರವಾಗಿ ಬೆಳೆಯುವುದುಂಟು. ಪ್ರೋಟುಂಗುಲೇಟಮಿನ ಹಲವಾರು ಅವಶೇಷಗಳು ಕೈಯಲ್ಲಿರುವಾಗಲೂ ಅದು ಇಂದಿನ ಗೊರಸುಪ್ರಾಣಿಗಳಿಗೆ ಎಷ್ಟು ಹತ್ತಿರದ ಬಂಧುವೆಂಬುದರಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಅಂದಮೇಲೆ ಒಂಟಿ ಹಲ್ಲು ಎಷ್ಟು ಭಾರವನ್ನು ಹೊರಬಲ್ಲುದು? ಒಂದು ಪ್ರಶ್ನೆಯನ್ನು ಎತ್ತಿ ನಿಲ್ಲಿಸುವಷ್ಟು ಹೊರಬಲ್ಲುದು. ಉತ್ತರವನ್ನೂ ಅದರ ಮೇಲೆಯೇ ಹೇರಿದರೆ ಅನ್ಯಾಯವಾದೀತು.

ಉತ್ತರಕ್ಕೆ ಬೇಕಾಗುವ ಸಾಮಗ್ರಿಯ ಪ್ರಮಾಣವನ್ನು ಗುಜರಾತಿನ ಇನ್ನೊಂದು ಪ್ರಾಣಿ ತೋರಿಸಿಕೊಟ್ಟಿದೆ. ಸೂರತ್ ಜಿಲ್ಲೆಯ ವಸ್ತಾನ್ ಎಂಬಲ್ಲಿ ಲಿಗ್ನೈಟ್ ಎಂಬ ಕಂದುಕಲ್ಲಿದ್ದಲಿನ ತೆರೆದ ಗಣಿ. ಅಲ್ಲಿ ದೊರೆತ ‘ಕ್ಯಾಂಬೇಥೀರಿಯಮ್’ ಎಂಬ ಕುಲವನ್ನು ಸುನಿಲ್ ಬಾಜಪೇಯಿ ಮತ್ತು ಸಂಗಡಿಗರು ೨೦೦೫ರಲ್ಲಿ ಹೆಸರಿಸಿದರು. ಸುಮಾರು ೫ ಕೋಟಿ ೪೫ ಲಕ್ಷ ವರ್ಷಗಳ ಹಿಂದೆ ಬಾಳಿದ ಆ ಪ್ರಾಣಿಯು ಕುದುರೆ ಖಡ್ಗಮೃಗಗಳ ವಂಶಕ್ಕೆ ಅತಿ ಸಮೀಪವಾದ ಬಂಧುವೆಂದು ಅಮೆರಿಕದ ಕೆನೆತ್ ರೋಸ್ ಮತ್ತು ಸಂಗಡಿಗರು ೨೦೧೪ರಲ್ಲಿ ವಾದಿಸಿದರು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ೨೦೨೦ರಲ್ಲಿ ಅವರು ಪ್ರಕಟಿಸಿದ ವಿಸ್ತಾರವಾದ ಅಧ್ಯಯನಕ್ಕೆ ೩೫೦ಕ್ಕೂ ಹೆಚ್ಚು ಅವಶೇಷಗಳ ಆಧಾರವಿತ್ತು. ಹಲ್ಲುಗಳಷ್ಟೇ ಅಲ್ಲ, ಕೈಕಾಲಿನ ಎಲುಬುಗಳೂ ಇದ್ದುವು. ಒಂದು ಹಲ್ಲಿಗೂ ೩೫೦ ಅವಶೇಷಗಳಿಗೂ ಇರುವ ಅಂತರವೇ ಊಹೆಗೂ ನಿರ್ಣಯಕ್ಕೂ ಇರುವ ಅಂತರ. ಕಿಸಲಪುರಿಯ ಪ್ರಾಣಿಯ ಪೂರ್ಣ ಪರಿಚಯವಾಗಬೇಕಾದರೆ ಅದರ ದವಡೆ ಬೇಕು, ಮೇಲುಸಾಲಿನ ಹಲ್ಲುಗಳು ಬೇಕು, ಪಾದದ ಎಲುಬು ಬೇಕು. ಅವು ದಖನ್ನಿನ ಯಾವ ಮೂಲೆಯ ಜೇಡಿಯಲ್ಲಿ ಅಡಗಿವೆಯೋ ಬಲ್ಲವರಾರು?

ಆ ಮೂಲೆಗಳಲ್ಲಿ ಕೆಲವು ಕನ್ನಡ ನಾಡಿನಲ್ಲಿಯೂ ಉಂಟು. ಲಿಂಗಸುಗೂರಿನ ವಿದ್ಯಾರ್ಥಿಯೊಬ್ಬನು ‘ನಮ್ಮ ಹೊಲದ ಬಂಡೆಯಲ್ಲಿ ಇಂಥ ಹಲ್ಲು ಸಿಕ್ಕೀತೆ?’ ಎಂದು ಕೇಳಿದರೆ ಸಿಕ್ಕಲಾರದೆಂದೇ ಹೇಳಬೇಕು. ಹಟ್ಟಿ ಮಸ್ಕಿಗಳ ಶಿಲೆಗಳಿಗೆ ೨೫೦ ಕೋಟಿ ವರ್ಷಗಳಿಗೂ ಮಿಕ್ಕ ವಯಸ್ಸು. ಆ ಕಾಲದಲ್ಲಿ ಭೂಮಿಯ ಮೇಲೆ ಗೊರಸಾಗಲಿ, ಹಲ್ಲಾಗಲಿ, ಎಲುಬಾಗಲಿ ಇರಲಿಲ್ಲ, ಸೂಕ್ಷ್ಮಜೀವಿಗಳ ರಾಜ್ಯವದು. ಆದರೆ ಕೃಷ್ಣೆಯನ್ನು ದಾಟಿ ವಿಜಯಪುರ ಕಲಬುರಗಿಗಳ ಕಡೆಗೆ ನಡೆದರೆ ನೆಲದ ಬಣ್ಣವೇ ಬದಲಾಗಿ ದಖನ್ ಟ್ರಾಪಿನ ಕಪ್ಪುಶಿಲೆ ಎದುರಾಗುತ್ತದೆ. ಹಿಂದೆ ಕಲಬುರಗಿ ಜಿಲ್ಲೆಗೆ ಸೇರಿದ್ದು ಈಗ ಯಾದಗಿರಿ ಜಿಲ್ಲೆಯಲ್ಲಿರುವ ಗುರುಮಠಕಲ್ ಪರಿಸರದ ಅಂತರಸ್ತರಗಳಿಂದ, ಸಿಹಿನೀರಿನ ಕೆರೆಗಳಲ್ಲಿ ಬಾಳಿದ ಆಸ್ಟ್ರಕೋಡ್ ಎಂಬ ಚಿಪ್ಪಿನ ಸೂಕ್ಷ್ಮಪ್ರಾಣಿಗಳ ಅವಶೇಷಗಳನ್ನು ವಿದ್ವಾಂಸರು ವರ್ಣಿಸಿದ್ದಾರೆ. ಅಲ್ಲಿಂದ ನಸ್ಕಲ್ ದೂರವೇನಲ್ಲ. ಅಲ್ಲಿ ಕೆರೆಗಳಿದ್ದುವೆಂಬುದು ಸಿದ್ಧವಾಗಿದೆ. ಆ ಕೆರೆಗಳ ದಡದಲ್ಲಿ ಯಾವ ಯಾವ ಸಸ್ತನಿಗಳು ನೀರು ಕುಡಿದುವೆಂಬುದನ್ನು ಜರಡಿಯೇ ಹೇಳಬೇಕು.

ಇನ್ನು ಅಷ್ಟು ಪುರಾತನವಲ್ಲದ ಗೊರಸುಪ್ರಾಣಿಗಳ ವಿಷಯಕ್ಕೆ ಬಂದರೆ, ಲಿಂಗಸುಗೂರಿಗೆ ತೀರ ಸಮೀಪದಲ್ಲಿಯೇ ಅಮೂಲ್ಯವಾದ ಸಾಕ್ಷ್ಯವಿದೆ. ಕೃಷ್ಣೆಯ ಆಚೆ, ಹುಣಸಗಿ ಬಯಲಿನಲ್ಲಿ ಈಸಾಂಪುರ ಎಂಬ ಹಳ್ಳಿಯಿದೆ. ಅಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯನವರು ಆದಿಮಾನವನು ಸುಣ್ಣಶಿಲೆಯಿಂದ ಕೈಗೊಡಲಿಗಳನ್ನು ಮಾಡುತ್ತಿದ್ದ ಕರ್ಮಶಾಲೆಯನ್ನು ಉತ್ಖನನ ಮಾಡಿದರು. ಆ ನೆಲೆಯ ಕಾಲವನ್ನು ನಿರ್ಣಯಿಸಲು ನೆರವಾದವುಗಳು ಅಲ್ಲಿಯೇ ದೊರೆತ ಮೇವು ತಿನ್ನುವ ಪ್ರಾಣಿಯ ಹಲ್ಲುಗಳು. ಅವುಗಳ ಎನಾಮಲನ್ನು ಪರೀಕ್ಷಿಸಿ ಸುಮಾರು ೧೨ ಲಕ್ಷ ವರ್ಷಗಳೆಂದು ೨೦೦೨ರಲ್ಲಿ ಪ್ರಕಟಪಡಿಸಿದರು. ಭಾರತದಲ್ಲಿ ಮಾನವನ ಕೈಕೆಲಸದ ಅತಿ ಹಳೆಯ ಕುರುಹುಗಳಲ್ಲಿ ಒಂದರ ಕಾಲವು ಹೀಗೆ ಗೊರಸುಪ್ರಾಣಿಯ ಹಲ್ಲನ್ನು ಅವಲಂಬಿಸಿ ನಿಂತಿದೆ.

ಆ ಪರೀಕ್ಷೆಯ ಕ್ರಮವು ನಮ್ಮ ವಾದಕ್ಕೆ ಬಹಳ ಮುಖ್ಯವಾದದ್ದು. ಮಣ್ಣಿನಲ್ಲಿ ಯುರೇನಿಯಮ್, ಥೋರಿಯಮ್, ಪೊಟ್ಯಾಸಿಯಮ್‌ಗಳ ವಿಕಿರಣವು ಅತ್ಯಲ್ಪ ಪ್ರಮಾಣದಲ್ಲಿ ಸದಾ ಇರುತ್ತದೆ. ಹೂತುಹೋದ ಹಲ್ಲಿನ ಎನಾಮಲಿನಲ್ಲಿ ಆ ವಿಕಿರಣದಿಂದ ಸ್ಥಾನಪಲ್ಲಟಗೊಂಡ ಎಲೆಕ್ಟ್ರಾನುಗಳು ವರ್ಷದಿಂದ ವರ್ಷಕ್ಕೆ ಸಿಕ್ಕಿಬಿದ್ದು ಕೂಡುತ್ತ ಹೋಗುತ್ತವೆ. ಒಟ್ಟು ಎಷ್ಟು ಕೂಡಿದೆಯೆಂಬುದನ್ನು ಯಂತ್ರದಿಂದ ಅಳೆಯಬಹುದು. ಆದರೆ ವರ್ಷಕ್ಕೆ ಎಷ್ಟು ಕೂಡುತ್ತಿತ್ತೆಂದು ತಿಳಿಯಬೇಕಾದರೆ ಹಲ್ಲು ಮಲಗಿದ್ದ ಮಣ್ಣನ್ನೂ ಪರೀಕ್ಷಿಸಬೇಕು. ಹುಂಡಿಯಲ್ಲಿ ಒಟ್ಟು ಹಣವೆಷ್ಟೆಂದು ಎಣಿಸಿದ ಮಾತ್ರಕ್ಕೆ ಅದು ಎಷ್ಟು ವರ್ಷಗಳ ಸಂಗ್ರಹವೆಂದು ಹೇಳಲಾಗದು. ವರ್ಷಕ್ಕೆ ಎಷ್ಟು ಬೀಳುತ್ತಿತ್ತೆಂಬುದೂ ತಿಳಿಯಬೇಕಷ್ಟೆ. ಯಾರೋ ಕುತೂಹಲದಿಂದ ಹಲ್ಲನ್ನು ಕಿತ್ತು, ಮಣ್ಣನ್ನೆಲ್ಲ ಒರೆಸಿ, ಊರಿಗೆ ತಂದು ಕಿಟಕಿಯಲ್ಲಿಟ್ಟರೆ ಹಲ್ಲೇನೋ ಉಳಿಯಿತು. ಅದರ ಕಾಲವನ್ನು ತಿಳಿಯುವ ದಾರಿ ಮುಚ್ಚಿಹೋಯಿತು.

ಸ್ಥಳವನ್ನು ಬರೆದಿಟ್ಟುದರಿಂದ ಆಗುವ ಪ್ರಯೋಜನಕ್ಕೂ ನಮ್ಮ ನಾಡಿನಲ್ಲಿಯೇ ದೃಷ್ಟಾಂತವಿದೆ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಅವರು ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ, ಕೃಷ್ಣೆಯ ಉಪನದಿಯ ಸೀಮೆಯಲ್ಲಿ, ಇಂದು ಅಳಿದುಹೋಗಿರುವ ಖಡ್ಗಮೃಗವೊಂದರ ಅವಶೇಷಗಳನ್ನು ಕಂಡುಹಿಡಿದು, ೧೮೭೪ರಲ್ಲಿ ‘ರೈನಾಸರಸ್ ಡೆಕ್ಕನೆನ್ಸಿಸ್’ ಎಂಬ ಹೆಸರಿನಲ್ಲಿ ವರ್ಣಿಸಿದರು. ಸ್ಥಳ, ಪದರ, ಅಳತೆಗಳನ್ನು ಬರೆದು ಚಿತ್ರಸಹಿತವಾಗಿ ಪ್ರಕಟಿಸಿದ ಕಾರಣ, ಒಂದೂವರೆ ಶತಮಾನದ ಅನಂತರವೂ ವಿದ್ವಾಂಸರು ಅದನ್ನು ಮತ್ತೆ ಪರಿಶೀಲಿಸಬಲ್ಲರು. ಜಮ್ಮು-ಕಾಶ್ಮೀರದ ಕಾಲಾಕೋಟೆಯ ವೃತ್ತಾಂತವೂ ಇಂಥದೇ. ಎ. ರಂಗರಾವ್ ಎಂಬ ಭೂವಿಜ್ಞಾನಿಗಳು ಅಲ್ಲಿ ದೊರೆತ ‘ಇಂಡೋಹಯಸ್’ ಎಂಬ ಸಣ್ಣ ಸಮಖುರಿಯನ್ನು ೧೯೭೧ರಲ್ಲಿ ವರ್ಣಿಸಿದ್ದರು. ಅವರು ಕೂಡಿಸಿಟ್ಟಿದ್ದ ಕಲ್ಲುಗಳು ಅವರ ಮರಣಾನಂತರ ಥೆವಿಸ್ಸನ್ ಎಂಬ ಅಮೆರಿಕದ ವಿದ್ವಾಂಸರ ಕೈಸೇರಿ, ಅವುಗಳೊಳಗಿನ ಕಿವಿಯ ಎಲುಬು ತಿಮಿಂಗಿಲದ ಕಿವಿಯೆಲುಬನ್ನು ಹೋಲುತ್ತದೆಂದು ೨೦೦೭ರಲ್ಲಿ ತಿಳಿದುಬಂದಿತು. ಸಮುದ್ರದ ತಿಮಿಂಗಿಲವು ಗೊರಸುಪ್ರಾಣಿಗಳ ಬಳಗದ್ದೆಂಬುದಕ್ಕೆ ಅದು ಬಲವಾದ ಪುರಾವೆಯಾಯಿತು. ಹೆಸರಿಟ್ಟು ಕಾಪಾಡಿದ ಕಲ್ಲು ಮೂವತ್ತಾರು ವರ್ಷಗಳ ಮೇಲೆ ಬಾಯಿಬಿಟ್ಟಿತು.

ಎಡೆದೊರೆ ನಾಡಿಗೆ ಈ ಬಗೆಯ ಶೋಧದ ಪರಂಪರೆ ಹೊಸದಲ್ಲ. ೧೮೪೨ರಷ್ಟು ಹಿಂದೆಯೇ ಲಿಂಗಸುಗೂರಿನಲ್ಲಿ ಡಾ. ಪ್ರಿಮ್‌ರೋಸ್ ಎಂಬವರು ಶಿಲಾಯುಗದ ಕಲ್ಲಿನ ಚೂರಿಗಳನ್ನು ಗುರುತಿಸಿದ್ದರು. ಭಾರತದಲ್ಲಿ ಅಂಥ ಶೋಧಗಳ ಇತಿಹಾಸವು ಲಿಂಗಸುಗೂರಿನ ಹೆಸರಿನಿಂದಲೇ ಮೊದಲಾಗುವುದುಂಟು. ೧೯೫೨ರಲ್ಲಿ ಎಫ್. ಆರ್. ಆಲ್ಚಿನ್ ಅವರು ಮುದಗಲ್ಲಿನ ಬಳಿಯ ಪಿಕ್ಲಿ​ಹಾಳದಲ್ಲಿ ಅಗೆದು, ಇಲ್ಲಿನ ನವಶಿಲಾಯುಗದ ಜನರು ದನಗಾಹಿಗಳಾಗಿದ್ದರೆಂದು ತೋರಿಸಿದರು. ೧೯೧೫ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಮಸ್ಕಿಯ ಬಂಡೆಯ ಮೇಲೆ ಅಕ್ಷರಗಳನ್ನು ಕಂಡರು. ಅದೇ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಸ್ಥಿರಪಡಿಸಿದ ಪ್ರಸಿದ್ಧ ಶಾಸನ. ಆ ಇಂಜಿನಿಯರು ಬಂಡೆಯನ್ನು ಒಡೆಯಲಿಲ್ಲ, ಹೊತ್ತೊಯ್ಯಲೂ ಇಲ್ಲ. ಕಂಡದ್ದು ತಿಳಿದವರ ಕಿವಿಗೆ ಮುಟ್ಟಿತು. ಇಷ್ಟರಿಂದಲೇ ದೇಶದ ಇತಿಹಾಸದಲ್ಲಿ ಒಂದು ಗಂಟು ಬಿಚ್ಚಿಕೊಂಡಿತು. ಆದರೆ ಈ ಮೂವರೂ ಹೊರಗಿನಿಂದ ಬಂದವರು. ಇಲ್ಲಿಯೇ ಹುಟ್ಟಿ, ಇಲ್ಲಿನ ಹಳ್ಳಕೊಳ್ಳಗಳನ್ನು ಅಂಗೈಯಂತೆ ಬಲ್ಲ ನಮ್ಮ ಮಕ್ಕಳಿಗೆ ಇಂಥ ವಸ್ತುಗಳನ್ನು ನೋಡುವ ಕಣ್ಣನ್ನು ನಮ್ಮ ಶಾಲೆಗಳು ಕೊಟ್ಟಿವೆಯೆ? ಪರೀಕ್ಷೆಯಲ್ಲಿ ಪಳೆಯುಳಿಕೆಯ ಲಕ್ಷಣವನ್ನು ಬರೆದು ಅಂಕ ಪಡೆದವನು, ತನ್ನೂರ ಹಳ್ಳದ ದಡದಲ್ಲಿ ಕಲ್ಲಾದ ಎಲುಬು ಕಂಡರೆ ಏನು ಮಾಡಬೇಕೆಂದು ತಿಳಿಯದೆ ನಿಂತರೆ ತಪ್ಪು ಅವನದಲ್ಲ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಕಲ್ಲುಗಣಿ, ಕಾಲುವೆ, ರಸ್ತೆಗಳಿಂದ ಸಾವಿರಾರು ಸಂಸಾರಗಳು ಬದುಕುತ್ತಿವೆ; ಸತ್ತ ಪ್ರಾಣಿಯ ಹಲ್ಲಿಗಾಗಿ ಕೆಲಸವನ್ನು ನಿಲ್ಲಿಸುವುದು ಉಚಿತವೆ? ಈ ಮಾತನ್ನು ತಳ್ಳಿಹಾಕತಕ್ಕದ್ದಲ್ಲ. ದಿನಗೂಲಿಯವನಿಗೆ ಆರು ಕೋಟಿ ವರ್ಷಗಳ ಹಿಂದಿನ ಹಲ್ಲಿಗಿಂತ ಸಂಜೆಯ ರೊಟ್ಟಿ ದೊಡ್ಡದು. ಆದರೆ ಅಗೆತಕ್ಕೂ ವಿಜ್ಞಾನಕ್ಕೂ ಹುಟ್ಟುವೈರವೇನಿಲ್ಲ. ವಸ್ತಾನಿನಲ್ಲಿ ಗಣಿಯನ್ನು ತೋಡಿರದಿದ್ದರೆ ಕ್ಯಾಂಬೇಥೀರಿಯಮಿನ ಎಲುಬುಗಳು ಬೆಳಕು ಕಾಣುತ್ತಲೇ ಇರಲಿಲ್ಲ. ಬಾವಿ ತೋಡುವವನ, ಕಾಲುವೆ ಅಗೆಯುವವನ, ಮರಳು ತುಂಬುವವನ ಗುದ್ದಲಿ ತಲಪುವಷ್ಟು ಕಡೆಗೆ ಯಾವ ವಿಶ್ವವಿದ್ಯಾನಿಲಯದ ಗುದ್ದಲಿಯೂ ತಲಪಲಾರದು. ನಾವು ಕೇಳುವುದಿಷ್ಟೆ: ಅಗೆದಾಗ ಕಂಡದ್ದನ್ನು ಪುಡಿಮಾಡುವ ಮೊದಲು ಒಂದು ದಿನ ಬಿಡಿ, ತಿಳಿದವರಿಗೆ ಒಂದು ಮಾತು ತಿಳಿಸಿ. ಇದರಿಂದ ಯಾರ ಕೂಲಿಗೂ ಚ್ಯುತಿ ಬರಲಾರದು.

ಹಾಗಾದರೆ ವಿದ್ಯಾರ್ಥಿಯು ಮಾಡಬೇಕಾದದ್ದೇನು? ಹಳ್ಳದ ದಡದಲ್ಲಾಗಲಿ ಬಾವಿಯ ಮಣ್ಣಿನಲ್ಲಾಗಲಿ ಹಲ್ಲು ಎಲುಬುಗಳಂತೆ ತೋರುವ ಕಲ್ಲು ಕಂಡರೆ ಮೊದಲು ಕೈಕಟ್ಟಿ ನಿಲ್ಲಬೇಕು, ಕೀಳಬಾರದು, ತೊಳೆಯಬಾರದು. ಈಗ ಬಹುಮಂದಿಯ ಕೈಯಲ್ಲಿ ಮೊಬೈಲ್ ಇರುವುದರಿಂದ, ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೋ ನಾಣ್ಯವನ್ನೋ ಇಟ್ಟು ಚಿತ್ರ ತೆಗೆಯಬಹುದು. ಸ್ಥಳದ ಅಕ್ಷಾಂಶ ರೇಖಾಂಶಗಳನ್ನೂ ಅದರಿಂದಲೇ ಪಡೆಯಬಹುದು. ನೆಲದಿಂದ ಎಷ್ಟು ಅಡಿ ಆಳ, ಮೇಲಿನ ಪದರ ಎಂಥದು, ಕೆಳಗಿನದು ಎಂಥದು, ಮಣ್ಣೆ, ಗರಸೆ, ಕಲ್ಲೆ ಎಂಬುದನ್ನು ಆ ಕ್ಷಣದಲ್ಲಿಯೇ ಬರೆದುಕೊಳ್ಳಬೇಕು. ಆಮೇಲೆ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ, ಭೂವಿಜ್ಞಾನ ಸರ್ವೇಕ್ಷಣೆಗೋ, ಪುರಾತತ್ತ್ವ ಇಲಾಖೆಗೋ ತಿಳಿಸಬೇಕು. ನೆರೆಯಿಂದಲೋ ಯಂತ್ರದಿಂದಲೋ ಅದು ನಾಶವಾಗುವುದು ಖಂಡಿತವೆಂದು ತೋರಿದರೆ ಮಾತ್ರ, ಸುತ್ತಣ ಮಣ್ಣಿನ ಸಮೇತ ಎತ್ತಿ, ಮೇಲೆ ಹೇಳಿದ ವಿವರಗಳ ಚೀಟಿಯೊಡನೆ ಕಟ್ಟಿಡಬಹುದು. ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ತಾಲ್ಲೂಕಿನ ಕಲ್ಲು ಮಣ್ಣುಗಳ ಒಂದು ಸಣ್ಣ ಸಂಗ್ರಹವಿರಲಿ. ಸ್ಥಳವನ್ನು ಹೇಳುವ ಚೀಟಿಯಿಲ್ಲದ ಕಲ್ಲಿಗೆ ಅಲ್ಲಿ ಪ್ರವೇಶವಿಲ್ಲವೆಂಬ ನಿಯಮವೊಂದನ್ನು ಉಪಾಧ್ಯಾಯರು ಕಟ್ಟುನಿಟ್ಟಾಗಿ ಪಾಲಿಸಿದರೆ ಸಾಕು. ವಿಜ್ಞಾನದ ಅರ್ಧ ಪಾಠವನ್ನು ಕಲಿಸಿದಂತಾಗುತ್ತದೆ.

ಕಾನೂನಿನ ನೆರವೂ ಬೇಕು. ಕೇಂದ್ರದ ಗಣಿ ಸಚಿವಾಲಯವು ೨೦೨೨ರಲ್ಲಿ ಭೂಪರಂಪರೆಯ ತಾಣಗಳನ್ನೂ ಅವಶೇಷಗಳನ್ನೂ ಸಂರಕ್ಷಿಸುವ ಮಸೂದೆಯ ಕರಡೊಂದನ್ನು ಸಾರ್ವಜನಿಕರ ಮುಂದಿಟ್ಟಿತು. ಇಂಥ ಪ್ರಯತ್ನವು ಸ್ವಾಗತಾರ್ಹವೇ. ಆದರೆ ಡಿಂಡೋರಿಯ ಗುಡ್ಡದಿಂದ ಗುರುಮಠಕಲ್ಲಿನ ಹೊಲದವರೆಗೆ ಹಬ್ಬಿರುವ ಅಂತರಸ್ತರಗಳಿಗೆಲ್ಲ ಕಾವಲಿಡುವ ಸರ್ಕಾರ ಯಾವುದಿದ್ದೀತು? ಊರಿನ ಜನರ ತಿಳಿವಳಿಕೆಯೇ ಅವಕ್ಕೆ ಬೇಲಿ. ದಂಡಕ್ಕೆ ಹೆದರಿ ಹಲ್ಲನ್ನು ಬಚ್ಚಿಡುವವನಿಗಿಂತ, ಅದರ ಮಹತ್ತ್ವವನ್ನರಿತು ಮೇಷ್ಟರಿಗೆ ತೋರಿಸುವ ಹುಡುಗನಿಂದ ವಿಜ್ಞಾನಕ್ಕೆ ಹೆಚ್ಚು ಲಾಭ.

ಖಾರ್ಮೇರ್ ಹೊಳೆಯ ಹೆಸರನ್ನು ಆ ಸೀಮೆಯ ಹೊರಗೆ ಕೇಳಿದವರು ಹಿಂದೆ ಎಷ್ಟು ಮಂದಿಯಿದ್ದರೋ ಕಾಣೆವು. ಇಂದು ಗೊರಸುಪ್ರಾಣಿಗಳ ಹುಟ್ಟನ್ನು ಕುರಿತು ಓದುವ ಪ್ರಾಣಿಶಾಸ್ತ್ರಜ್ಞನು ಯಾವ ದೇಶದಲ್ಲಿದ್ದರೂ ಆ ಹೊಳೆಯ ಹೆಸರನ್ನು ಉಚ್ಚರಿಸಲೇಬೇಕು. ಒಂದು ಮೂಟೆ ಜೇಡಿಯನ್ನು ತಂದವರು ಅದನ್ನು ಎಲ್ಲಿಂದ ತಂದೆವೆಂದು ಸರಿಯಾಗಿ ಬರೆದಿಟ್ಟುದರ ಫಲವದು. ಕೃಷ್ಣೆಯ ಆಚೆಯ ಕಪ್ಪುಶಿಲೆಯ ನಡುವಣ ಜೇಡಿ ಇನ್ನೂ ಬಹುಮಟ್ಟಿಗೆ ಜರಡಿಯನ್ನು ಕಂಡಿಲ್ಲ. ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ಕಾಲೇಜುಗಳಲ್ಲಿ ಇಂದು ಓದುತ್ತಿರುವವರಲ್ಲಿ ನಾಲ್ಕು ಜನ ಮುಂದೆ ಭೂವಿಜ್ಞಾನವನ್ನು ಕಲಿತು, ಒಂದು ಬೇಸಗೆಯ ರಜೆಯಲ್ಲಿ ಚೀಲ, ಜರಡಿ, ದಿನಚರಿ ಪುಸ್ತಕಗಳೊಡನೆ ಅತ್ತ ಹೊರಟಾರೆಂದು ನಾವು ಹಾರೈಸುತ್ತೇವೆ. ಚೀಲವನ್ನು ಮರೆತರೆ ಪಂಚೆಯಲ್ಲಿ ಕಟ್ಟಿ ತರಬಹುದು. ದಿನಚರಿ ಪುಸ್ತಕವನ್ನು ಮಾತ್ರ ಮರೆಯದಿರಲಿ.